ಬಾಗಿಲು ಹಾಡಿನ ಎರಡನೇ ಚರಣ

ನವೆಂಬರ್ 5, ಮಂಗಳವಾರ

ಪಿಸುಮಾತೂ ಕೂಡದಂತೆ. ಕೂಗುವುದಕ್ಕಿಂತ ಪಿಸುಗುಡುವುದೇ ಗಂಟಲಿಗೆ ಹೆಚ್ಚು ಕೆಟ್ಟದ್ದು ಎಂದರು ಡಾಕ್ಟರು. ನಿನ್ನೆ ಮೈಸೂರಿನಲ್ಲಿ ನನ್ನ ಗಂಟಲೊಳಗಿಂದ ಅಕ್ಕಿಕಾಳಿನಷ್ಟು ಗಂಟೊಂದನ್ನು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಅದು ಒಳ್ಳೆಯ ಗಂಟೋ ಕೆಟ್ಟ ಗಂಟೋ ತಿಳಿಯುವುದು ಹದಿನೆಂಟನೇ ತಾರೀಖು. ಅಲ್ಲಿಯವರೆಗೆ ಹದಿನಾಲ್ಕು ದಿನ ಒಂದಕ್ಷರ ಆಡುವಂತಿಲ್ಲ. "ಹೇಳೋದಿದ್ರೆ ಬರೀರಿ ಗುರುಪ್ರಸಾದ್," ಎಂದರು. ಬರೆಯುತ್ತಿದ್ದೇನೆ. ಯಾರಿಗೆ ಅಂತ ಗೊತ್ತಿಲ್ಲ.

ಹತ್ತೊಂಬತ್ತು ವರ್ಷದಿಂದ ನಂಜನಗೂಡು ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ನಾನು. ಯಾವ ಬಸ್ಸು ಯಾವಾಗ ಹೊರಡುತ್ತದೆ ಎಂದು ಮೈಕಿನಲ್ಲಿ ಕೂಗುವವನು. ವಾರವಿಡೀ ಅದು, ಭಾನುವಾರ ಕಪಿಲೆ ಹೊಳೆಯ ಮೆಟ್ಟಿಲ ಮೇಲೆ ಚೆನ್ನಂಜಣ್ಣನ ಹಾಡು. ಈ ಗಂಟಲಿಗೆ ಬಿಡುವೇ ಇರಲಿಲ್ಲ ನಿಜ. ಆದರೆ ಈಗಲೇ ಕೈಕೊಡಬೇಕಿತ್ತೇ? ಇಪ್ಪತ್ನಾಲ್ಕನೇ ತಾರೀಖು ಟಿ. ನರಸೀಪುರದಲ್ಲಿ ರಾಜ್ಯೋತ್ಸವಕ್ಕೆ ಚೆನ್ನಂಜಣ್ಣ ಬರುತ್ತಿದ್ದಾರೆ. ಎಪ್ಪತ್ನಾಲ್ಕು ವರ್ಷ ಅವರಿಗೆ. ಹೆಗಲಿಗೆ ಗಿಟಾರು, ಪಕ್ಕದಲ್ಲಿ ತಮಟೆ, ಕಂಜಿರದವರು, ತಾವೇ ಕಟ್ಟಿದ ಹಾಡು. ಹೀಗೆ ನಲವತ್ತೈದು ವರ್ಷ ಹಾಡಿಕೊಂಡು ಬಂದವರು. ಈಗ ಉಸಿರು ಸಾಲದಂತೆ. ಅದಕ್ಕೇ 'ಬಾಗಿಲು' ಹಾಡಿನ ಎರಡನೇ ಚರಣವನ್ನು ನಂಜನಗೂಡಿನ ಅಭಿಮಾನಿ ಬಳಗ ಹಾಡಲಿ ಅಂದಿದ್ದಾರೆ. ಬಳಗ ಅಂದರೆ ಹನ್ನೊಂದು ಜನ. ಹಾಡುವವನು ಅಂದರೆ ನಾನು. ಅದನ್ನು ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ.

ನವೆಂಬರ್ 7, ಗುರುವಾರ

ಕೂತಲ್ಲಿ ಕೂರಲಾಗುತ್ತಿಲ್ಲ. ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋದೆ. ರಜೆಯಲ್ಲಿರುವವನಿಗೆ ಅಲ್ಲೇನು ಕೆಲಸ! ನನ್ನ ಜಾಗದಲ್ಲಿ ಕೂತಿರುವ ಹೊಸಬ ಮೈಕಿನಲ್ಲಿ ಕೆಮ್ಮುತ್ತಾನೆ. ಕವಲಂದೆ ಬಸ್ಸನ್ನು ಹೊರಟ ಮೇಲೆ ಕೂಗಿದ. ಕೈ ಬೀಸಿ ತೋರಿಸಿದೆ, ಅವನು ನಮಸ್ಕಾರ ಮಾಡಿದ. ಅಲ್ಲಿಂದ ಹೊಳೆಗೆ, ಹೊಳೆಯಿಂದ ಮನೆಗೆ, ಮನೆಯಿಂದ ಮತ್ತೆ ಹೊಳೆಗೆ.

ಬಳಗದ ವಾಟ್ಸಾಪಿನಲ್ಲಿ ನಿನ್ನೆಯಿಂದ ನನ್ನ ಗಂಟಲಿನದೇ ಮಾತು. ಬೇಗ ಗುಣವಾಗಲಿ ಅಂತ ಎಲ್ಲರೂ ಹೂವು ಕಳಿಸಿದ್ದಾರೆ. ಪುಟ್ಟರಾಜು ಮಾತ್ರ ಬಾಗಿಲು ಹಾಡನ್ನು ತಾನೇ ಹಾಡಿ ಕಳಿಸಿದ್ದಾನೆ! ಹೆಡತಲೆ ಊರಿನವನು, ಸ್ಕೂಲ್ ವ್ಯಾನ್ ಓಡಿಸುತ್ತಾನೆ. ಮನುಷ್ಯ ಒಳ್ಳೆಯವನು, ಆದರೆ ಶ್ರುತಿಗೂ ಅವನಿಗೂ ಆಗಿಬರುವುದಿಲ್ಲ. ಪೂರ್ತಿ ಕೇಳಲಿಲ್ಲ.

ಮಧ್ಯಾಹ್ನ ಊಟಕ್ಕೆ ಬಡಿಸುವಾಗ ಹೆಂಡತಿ ರುದ್ರಾಣಿ ತನ್ನ ತವರು ಕವಲಂದೆಯ ವಿಷಯ ಏನೋ ಹೇಳುತ್ತಿದ್ದಳು. ತಲೆಯಾಡಿಸಿದೆ. ಮಾತಾಡಲಾಗದವನಿಗೆ ತಲೆಯಾಡಿಸುವುದೇ ಸುಲಭ.

ನವೆಂಬರ್ 8, ಶುಕ್ರವಾರ

ಕೆಟ್ಟ ಗಂಟಾಗಿದ್ದರೆ?

ನವೆಂಬರ್ 10, ಭಾನುವಾರ

ನಡೆದದ್ದನ್ನು ಕ್ರಮವಾಗಿ ಬರೆಯುತ್ತೇನೆ.

ಸಂಜೆ ಮೆಟ್ಟಿಲ ಮೇಲೆ ಎಲ್ಲರೂ ಸೇರಿದ್ದರು. ನರಸೀಪುರದಿಂದ ಶಾಲಿನಿ ಮೇಡಂ ಬಂದಿದ್ದರು. ಹೈಸ್ಕೂಲ್ ಟೀಚರು, ಕಾರ್ಯಕ್ರಮದ ಓಡಾಟವೆಲ್ಲ ಅವರದೇ. "ಗುರುಪ್ರಸಾದಣ್ಣ, ಬೇಜಾರು ಮಾಡ್ಕೋಬೇಡಿ. ಎರಡನೇ ಚರಣ ಪುಟ್ಟರಾಜು ಹಾಡ್ಲಿ ಅಂತ. ಧೈರ್ಯವಾಗಿ ಮೈಕ್ ಮುಂದೆ ನಿಲ್ಲೋರು ಬೇರೆ ಯಾರೂ ಇಲ್ಲ," ಎಂದರು. ನನ್ನ ಮುಖ ನೋಡಲು ಯಾರಿಗೂ ಆಗಲಿಲ್ಲ.

ಪುಟ್ಟರಾಜು ಎದ್ದು ನಿಂತು ಹಾಡಿಯೇ ಬಿಟ್ಟ. ಹೊಳೆಯಲ್ಲಿ ತೇಲಿ ಬಂದ ಬಾಗಿಲಿನ ಕಥೆ ಆ ಹಾಡು. ಪ್ರವಾಹಕ್ಕೆ ಯಾವುದೋ ಮನೆ ಬಿದ್ದಿದೆ, ಬಾಗಿಲೊಂದು ಮಾತ್ರ ತೇಲುತ್ತ ಬರುತ್ತಿದೆ, ದಡದ ಊರುಗಳೆಲ್ಲ ಅದನ್ನು ಮಾತಾಡಿಸುತ್ತವೆ. ಎರಡನೇ ಚರಣದ ಕೊನೆಗೆ, 'ತಟ್ಟಿ ಹೋದೋರ ನೆನೆದು ಅಳುತೀಯಾ ಬಾಗಿಲೇ' ಎಂದು ಬರುತ್ತದೆ. ಪುಟ್ಟರಾಜು, 'ತಟ್ದೆ ಹೋದೋರ ನೆನೆದು' ಎಂದ. ತಟ್ಟದೆ ಹೋದವರಂತೆ!

ಕೈಯೆತ್ತಿ ನಿಲ್ಲಿಸಿದೆ. ನೋಟ್‌ಬುಕ್ಕಿನಲ್ಲಿ ದಪ್ಪಕ್ಷರದಲ್ಲಿ 'ತಟ್ಟಿ' ಎಂದು ಬರೆದು ತೋರಿಸಿದೆ.

"ಇಲ್ಲ ಕಣಣ್ಣ, ತಟ್ದೆ ಅಂತಲೇ ಇರೋದು," ಎಂದ.

'ಇಪ್ಪತ್ತೈದು ವರ್ಷದಿಂದ ಹಾಡ್ತಿದ್ದೀನಿ' ಎಂದು ಬರೆದೆ.

"ನೀವು ಆಡೋದು ಆಗೇಯ. ನಾವ್ಯಾರೂ ಏಳ್ನಿಲ್ಲ ಅಷ್ಟೇ. ನೀವು ಸುರು ಅಚ್ಕೊಂಡ್ರೆ ನಡುವೆ ಯಾರು ಏಳಾಕಾಯ್ತದೆ?"

ಯಾರೋ ನಕ್ಕರು. ಪೆನ್ಸಿಲಿನ ಮೊನೆ ಮುರಿಯುವ ಹಾಗೆ ಇನ್ನೊಂದು ಸಲ 'ತಟ್ಟಿ' ಎಂದು ಬರೆದು, ಹಾಳೆ ಹರಿದು ಅವನ ಕೈಗಿಟ್ಟು ಬಂದೆ. ಬಾಯಿದ್ದಿದ್ದರೆ ಎರಡು ನಿಮಿಷದಲ್ಲಿ ತೀರಿಸುತ್ತಿದ್ದೆ.

ನವೆಂಬರ್ 11, ಸೋಮವಾರ

ಇದು ಬೇರೆ. ಬೆಳಿಗ್ಗೆ ಹತ್ತು ಗಂಟೆಗೆ ಆಟೋ ನಿಂತಿತು. ರುದ್ರಾಣಿ ತನ್ನ ತಾಯಿಯ ಕೈ ಹಿಡಿದು ಇಳಿಸಿದಳು. ಜೊತೆಗೆ ಒಂದು ಟ್ರಂಕು, ಒಂದು ಚಾಪೆ, ನೀರಿನ ತಂಬಿಗೆ.

ಇದೇನು ಎಂದು ಕೈಯಲ್ಲೇ ಕೇಳಿದೆ.

"ಗುರುವಾರ ಕೇಳಿದ್ನಲ್ಲ ರೀ? ಕವಲಂದೇಲಿ ಅಮ್ಮ ಒಬ್ಬರನ್ನೇ ಬಿಡೋಕಾಗ್ತಿಲ್ಲ, ಮರೆವು ಜಾಸ್ತಿ ಆಗದೆ, ಕರ್ಕೊಂಡ್ ಬರ್ಲಾ ಅಂತ. ನೀವು ಹೂಂ ಅಂದ್ರಲ್ಲ."

ಅವಳ ಕಣ್ಣಿನಲ್ಲಿ ನೀರಿತ್ತು. "ಮೂರು ಸಲ ಕೇಳಿದ್ದೆ. ಈ ಸಲ ಒಂದೇ ಮಾತಿಗೆ ಒಪ್ಕೊಂಡ್ರಿ," ಎಂದಳು.

ಮೂರು ಸಲ ಕೇಳಿದ್ದಳೇ? ಯಾವಾಗ? ಇಲ್ಲ ಎಂದು ಬರೆದು ತೋರಿಸಲು ನೋಟ್‌ಬುಕ್ ತೆಗೆದೆ. ಅಷ್ಟರಲ್ಲಿ ಅತ್ತೆ ಕೆಂಪಾಜಮ್ಮ ನನ್ನ ಮುಖವನ್ನೇ ನೋಡುತ್ತ ಹತ್ತಿರ ಬಂದು, "ಏನ್ಲಾ ಮಾದ, ಇಲ್ಲಿದ್ದೀಯಾ ನೀನು?" ಎಂದರು.

ಮಾದ ಯಾರೋ ಗೊತ್ತಿಲ್ಲ. ನೋಟ್‌ಬುಕ್ ಮುಚ್ಚಿದೆ.

ನವೆಂಬರ್ 12, ಮಂಗಳವಾರ

ಮನೆಯಲ್ಲಿರಲಾಗದೆ ಕಳಲೆಗೆ ಹೋದೆ. ನಮ್ಮ ಬಳಗದ ಹಿರಿಯ ಮಲ್ಲಯ್ಯನವರ ಊರು ಅದು. ಪೋಸ್ಟ್‌ಮ್ಯಾನ್ ಆಗಿ ನಿವೃತ್ತರಾದವರು. ಚೆನ್ನಂಜಣ್ಣನ ಮೊದಲ ಕ್ಯಾಸೆಟ್ಟು ಈಗ ಇರುವುದು ಅವರೊಬ್ಬರ ಹತ್ತಿರ. 'ಬಾಗಿಲು, ಎರಡನೇ ಚರಣ' ಎಂದು ಬರೆದು ತೋರಿಸಿದೆ.

"ಭಾನುವಾರದ ಜಗಳವಾ?" ಎಂದು ನಕ್ಕು, ಟೇಪ್ ರೆಕಾರ್ಡರನ್ನು ಬಟ್ಟೆಯಿಂದ ಒರೆಸಿ ಕ್ಯಾಸೆಟ್ ಹಾಕಿದರು.

ಗಿಟಾರು, ಕಂಜಿರ, ಆಮೇಲೆ ಆ ಗಂಟಲು. ಚೆನ್ನಂಜಣ್ಣನ ಪ್ರಾಯದ ಕಾಲದ ಗಂಟಲು. ಎಂದಿನಂತೆ ನನ್ನ ಬಾಯಿ ತಾನಾಗಿ ತೆರೆಯಿತು. ಕೈಯಿಂದ ಮುಚ್ಚಿಕೊಂಡೆ. ಕೊನೆಯ ಸಾಲು ಬಂತು.

ತಟ್ದೆ ಹೋದೋರ ನೆನೆದು.

ಹಿಂದಕ್ಕೆ ತಿರುಗಿಸಿ ಇನ್ನೊಂದು ಸಲ ಹಾಕಿ ಎಂದು ಸನ್ನೆ ಮಾಡಿದೆ. ಮೂರು ಸಲ ಕೇಳಿದೆ. ತಟ್ದೆ, ತಟ್ದೆ, ತಟ್ದೆ. ಅನುಮಾನವೇ ಇಲ್ಲ.

ಮಲ್ಲಯ್ಯನವರು ಹೇಳಿದರು: "ನೋಡು, ತಟ್ಟಿ ಓದೋರು ತಟ್ಟೇ ಓದ್ರು. ಬಾಗ್ಲಿಗೆ ಅವರದೇನು ದುಕ್ಕ? ಮುಂದೇಯ ನಡ್ಕೊಂಡು ಓಗ್ತಾ ಒಂದ್ಸಲನೂ ತಟ್ದೇ ಇದ್ರಲ್ಲ, ಅವರದು ದುಕ್ಕ."

ಬಸ್ಸಿಗೂ ಕಾಯದೆ ಅರ್ಧ ದಾರಿ ನಡೆದೆ. ಇಪ್ಪತ್ತೈದು ವರ್ಷ! ಟೇಪಿನ ಜೊತೆ ಹಾಡುತ್ತಲೇ ಇದ್ದೆ. ಟೇಪು ಏನು ಹಾಡುತ್ತಿತ್ತೋ?

ನವೆಂಬರ್ 14, ಗುರುವಾರ

ಅತ್ತೆಯವರು ಬೆಳಿಗ್ಗೆಯಿಂದ ಜಗಲಿಯಲ್ಲಿ ನನ್ನ ಪಕ್ಕದಲ್ಲೇ ಕೂತಿರುತ್ತಾರೆ. ಮಾತೋ ಮಾತು. ರುದ್ರಾಣಿಗೆ ಕೆಲಸವಿರುತ್ತದೆ, ಪಕ್ಕದ ಮನೆಯ ಪುಟ್ಟಮಾದಮ್ಮನಿಗೆ ತನ್ನದೇ ಮಾತಿರುತ್ತದೆ. ಎದ್ದುಹೋಗದ ಕಿವಿ ಅಂದರೆ ನನ್ನದೊಂದೇ.

ಮಾದ ಯಾರೆಂದು ರುದ್ರಾಣಿಯನ್ನು ಬರೆದು ಕೇಳಿದೆ. "ಅಮ್ಮನ ತಮ್ಮ, ಮಾದಯ್ಯ. ಹತ್ತೊಂಬತ್ತು ವರ್ಷದವನಿದ್ದಾಗ ಒಂದು ದಿನ ಮನೆ ಬಿಟ್ಟು ಹೋದೋನು ತಿರುಗಿ ಬರ್ಲಿಲ್ವಂತೆ. ನಾನು ನೋಡೇ ಇಲ್ಲ," ಎಂದಳು. ಆಮೇಲೆ, "ಮದುವೆಯಾದ ಹೊಸದರಲ್ಲಿ ನಿಮಗೆ ಇದೆಲ್ಲ ಹೇಳಿದ್ದೆ," ಎಂದಳು. ಕೋಪದಿಂದಲ್ಲ. ಸುಮ್ಮನೆ.

ಇವತ್ತು ಅತ್ತೆ ಹೇಳಿದ್ದನ್ನು ಇದ್ದಂತೆಯೇ ಬರೆದಿಡುತ್ತೇನೆ. "ನೀ ಓದ ದಿನ ಅವ್ವ ಅವರೆಕಾಳು ಸಾರು ಮಾಡಿತ್ತು ಕಣ್ಲಾ. ನಿಂಗೆ ಅಂತ ತೆಗ್ದಿಟ್ಟು ನೋಡ್ದೋ ನೋಡ್ದೋ. ಓಗ್ಲಿ, ಓಗೋನು ಓಗ್ತೀನಿ ಅಂತ ಒಂದ್ ಮಾತು ಏಳ್ಬಾರ್ದಾ? ನಾನು ಇತ್ಲಲ್ಲೇ ಇದ್ನಲ್ಲ. ಯಾಕ್ಲಾ ಏಳ್ದೆ ಓದೆ?"

ಉತ್ತರಕ್ಕಾಗಿ ನನ್ನನ್ನೇ ನೋಡುತ್ತಾರೆ. ನಾನು ಗಂಟಲು ಮುಟ್ಟಿ ತೋರಿಸುತ್ತೇನೆ. ಸ್ವಲ್ಪ ಹೊತ್ತಿಗೆ ಮೊದಲಿನಿಂದ ಶುರು. ಇವತ್ತು ನಾಲ್ಕು ಸಲ ಆಯಿತು. ಹೊಳೆಯ ಕಡೆ ಹೋಗಲು ಆಗಲಿಲ್ಲ.

ನವೆಂಬರ್ 16, ಶನಿವಾರ

ಪುಟ್ಟರಾಜು ಮನೆಗೇ ಬಂದ. ಮಕ್ಕಳನ್ನು ಬಿಟ್ಟು ಖಾಲಿ ವ್ಯಾನ್ ತಂದಿದ್ದ. ಬಾಗಿಲಲ್ಲೇ ನಿಂತು, "ಅಣ್ಣ, ತಟ್ಟಿ ಅಂತಲೇ ಆಡ್ತೀನಿ ಬುಡಿ. ನಿಮ್ಮನ್ನ ನೋಯ್ಸಿ ನಂಗೆ ಯಾವ ಚರಣವೂ ಬೇಡ," ಎಂದ.

'ತಟ್ದೆ ಸರಿ. ಕ್ಯಾಸೆಟ್ ಕೇಳಿದೆ' ಎಂದು ಬರೆದುಕೊಟ್ಟೆ. ಬರೆಯಲು ಇಷ್ಟವಿರಲಿಲ್ಲ, ಆದರೂ ಬರೆದೆ. ಅವನು ಓದಿ ಮಡಚಿ ಜೇಬಿಗಿಟ್ಟುಕೊಂಡ. ಜೇಬಿಗೆ ಯಾಕೆ?

ಕಲಿಸಿಕೊಡಿ ಎಂದ. ಬಾಯಿಲ್ಲದವನು ಹೇಗೆ ಕಲಿಸಲಿ? ತೊಡೆಯ ಮೇಲೆ ತಾಳ ಹಾಕಿದೆ, ಕೈಯೆತ್ತಿ ಸ್ವರ ಏರಿಸಿದೆ, ಇಳಿಸಿದೆ. ಏಳು ಸಲ ಹಾಡಿದ. ಐದನೆಯ ಸಲಕ್ಕೆ ಅರ್ಧ ಶ್ರುತಿ ಸಿಕ್ಕಿತು. ಅವನ ಹೆಂಡತಿ ಎರಡು ವರ್ಷದ ಹಿಂದೆ ತೀರಿಕೊಂಡದ್ದು ನನಗೆ ಗೊತ್ತಿತ್ತು. ಆಸ್ಪತ್ರೆಯಲ್ಲಿ ಮೂರು ವಾರ ಅವಳ ಕಿವಿಗೆ ಇಯರ್‌ಫೋನ್ ಹಾಕಿ ಈ ಹಾಡನ್ನೇ ಕೇಳಿಸುತ್ತಿದ್ದ ಎಂದು ಇವತ್ತು ತಿಳಿಯಿತು. "ಅವಳಿಗೆ ಆ ಸಾಲು ಬಂದಾಗ ಬೆರಳು ಅಲ್ಲಾಡೋದು ಕಣಣ್ಣ," ಎಂದ. ಐದು ವರ್ಷದಿಂದ ಪ್ರತಿ ಭಾನುವಾರ ನನ್ನ ಪಕ್ಕದಲ್ಲೇ ಕೂರುವವನು.

ಅತ್ತೆ ಅವನಿಗೆ ಚಪ್ಪಾಳೆ ತಟ್ಟಿದರು. ರುದ್ರಾಣಿ ಕಾಫಿ ತಂದವಳು ಲೋಟ ಹಿಡಿದು ನಿಂತೇ ಇದ್ದಳು. ಹಾಡು ಮುಗಿಯುವವರೆಗೂ ಕೊಡಲಿಲ್ಲ.

ನವೆಂಬರ್ 18, ಸೋಮವಾರ

ಒಳ್ಳೆಯ ಗಂಟು! ಏನೂ ಇಲ್ಲವಂತೆ! ಡಾಕ್ಟರು ಹೇಳುತ್ತಿದ್ದಂತೆ ರುದ್ರಾಣಿ ಮೇಜಿನ ಅಂಚು ಹಿಡಿದುಕೊಂಡಳು. ಇಷ್ಟು ದಿನ ಅವಳು ಒಂದು ಸಲವೂ ಈ ಮಾತೆತ್ತಿರಲಿಲ್ಲ.

ದಿನಕ್ಕೆ ಹತ್ತು ನಿಮಿಷ ಮೆಲ್ಲಗೆ ಮಾತಾಡಬಹುದು. ಮೂರು ತಿಂಗಳು ಹಾಡುವ ಹಾಗಿಲ್ಲ. "ಹಾಡಿದ್ರೆ ಮತ್ತೆ ನನ್ನ ಹತ್ರನೇ ಬರ್ತೀರಿ. ಆಗ ಸ್ವರ ಉಳಿಯೋ ಗ್ಯಾರಂಟಿ ನಾನು ಕೊಡಲ್ಲ," ಎಂದರು.

ಬರುವಾಗ ಬಸ್ಸಿನಲ್ಲಿ ಮೊದಲ ಮಾತು ಆಡಿದೆ. "ನೀರು ಕೊಡು." ಅದು ನನ್ನ ಸ್ವರವೇ ಅಲ್ಲ. ಯಾರೋ ಮುದುಕ ಗೋಣಿಚೀಲ ಎಳೆದ ಹಾಗೆ. ರುದ್ರಾಣಿ ನಕ್ಕು ಅತ್ತಳು.

ನವೆಂಬರ್ 21, ಗುರುವಾರ

ತಪ್ಪು ಮಾಡಿದೆ. ಬೆಳಿಗ್ಗೆ ಹೊಳೆಯ ಹತ್ತಿರ ಯಾರೂ ಇಲ್ಲದ ಕಡೆ ಹೋಗಿ ಮೊದಲ ಸಾಲು ಹಾಡಿ ನೋಡಿದೆ. 'ಯಾವೂರ ಬಾಗಿಲೋ ನೀನು' ಎನ್ನುವಷ್ಟರಲ್ಲಿ ಸ್ವರ ಒಡೆದು ಗಾಳಿ ಮಾತ್ರ ಬಂತು. ಬಟ್ಟೆ ಒಗೆಯುತ್ತಿದ್ದ ಹೆಂಗಸು ತಲೆಯೆತ್ತಿ ನೋಡಿದಳು. ಹೆದರಿ ಮನೆಗೆ ಓಡಿಬಂದೆ, ಸಂಜೆಯವರೆಗೆ ಬಾಯಿ ತೆರೆಯಲಿಲ್ಲ.

ನವೆಂಬರ್ 23, ಶನಿವಾರ

ನಾಳೆ. ಬಳಗದವರು ಏಳು ಜನ ವೇದಿಕೆ ಹತ್ತುತ್ತೇವೆ. ಶಾಲಿನಿ ಮೇಡಂ ನನ್ನ ಹೆಸರನ್ನೂ ಸೇರಿಸಿದ್ದಾರೆ. "ಸುಮ್ನೆ ನಿಂತ್ಕೊಳಿ ಅಣ್ಣ, ನೀವಿಲ್ದೆ ಹೆಂಗೆ?" ಎಂದರು. ಹಿಂದೆ ನಿಂತು ಆ ಒಂದು ಸಾಲಿಗೆ ಸಣ್ಣದಾಗಿ ದನಿ ಸೇರಿಸಿದರೆ ಯಾರಿಗೆ ತಿಳಿಯುತ್ತದೆ? ಒಂದೇ ಸಾಲು. ಅವರ ಗಿಟಾರಿನ ಪಕ್ಕದಲ್ಲಿ, ಅವರ ಹಾಡು. ಇನ್ನೊಮ್ಮೆ ಬರುವಷ್ಟು ಉಸಿರು ಅವರಿಗೆಲ್ಲಿದೆ?

ಗುರುವಾರದ ಭಯ ಹೋಗಿಲ್ಲ. ಆದರೂ ಆಸೆ.

ನವೆಂಬರ್ 25, ಸೋಮವಾರ

ನಿನ್ನೆಯದು ಬರೆಯುತ್ತಿದ್ದೇನೆ.

ಅತ್ತೆಯನ್ನು ನೋಡಿಕೊಳ್ಳುತ್ತೇನೆಂದಿದ್ದ ಪುಟ್ಟಮಾದಮ್ಮನಿಗೆ ಜ್ವರ ಬಂತು. ಸೀರೆ ಉಟ್ಟು ತಯಾರಾಗಿದ್ದ ರುದ್ರಾಣಿ ಪಿನ್ನು ಬಿಚ್ಚುತ್ತ, "ನೀವು ಹೋಗ್ಬನ್ನಿ. ನಾನಿರ್ತೀನಿ," ಎಂದಳು. "ಮೂರೂ ಜನ ಹೋಗೋಣ," ಎಂದೆ. ಅವಳೂ ಬರುವವಳಿದ್ದಾಳೆ ಎಂಬುದೇ ನನಗೆ ತಯಾರಿ ನೋಡಿದ ಮೇಲೆ ಗೊತ್ತಾದದ್ದು.

ನರಸೀಪುರದ ಮೈದಾನ ತುಂಬಿತ್ತು. ಶಾಲಿನಿ ಮೇಡಂ ಮುಂದಿನ ಸಾಲಿನಲ್ಲಿ ತಾಯಿ ಮಗಳಿಗೆ ಜಾಗ ಹಿಡಿದಿದ್ದರು. ಚೆನ್ನಂಜಣ್ಣನನ್ನು ಇಬ್ಬರು ಹಿಡಿದು ವೇದಿಕೆಗೆ ಹತ್ತಿಸಿದರು. ಕುರ್ಚಿಯಲ್ಲಿ ಕೂತು, ಗಿಟಾರು ತೊಡೆಗೇರಿಸಿದ ಮೇಲೆ ಮಾತ್ರ ಅವರೇ ಅವರು. ನಾಲ್ಕು ಹಾಡು ಹಾಡಿದರು. ಐದನೆಯದು ಬಾಗಿಲು. "ಉಸ್ರು ಸಾಲಾಕಿಲ್ಲ ಕಣ್ರಪ್ಪ. ನಡುವಿಂದು ನಂಜನಗೂಡಿನೋರು ಆಡ್ತಾರೆ, ನಾನು ಕೇಳ್ತೀನಿ," ಎಂದರು. ಏಳು ಜನ ಚಪ್ಪಲಿ ಬಿಟ್ಟು ವೇದಿಕೆ ಹತ್ತಿ, ಪಕ್ಕದ ಮೆಟ್ಟಿಲ ಹತ್ತಿರ ಸಾಲಾಗಿ ನಿಂತೆವು.

ಅಲ್ಲಿಂದ ಮುಂದಿನ ಸಾಲು ಕಾಣುತ್ತಿತ್ತು. ತಮಟೆ ಏರಿದ್ದಕ್ಕೆ ಅತ್ತೆ ಬೆದರಿ ಎದ್ದು ನಿಂತಿದ್ದರು. ರುದ್ರಾಣಿ ಕೂರಿಸಲು ನೋಡಿದಳು, ಆಗಲಿಲ್ಲ. ಅವರ ಕೈ ಹಿಡಿದು ಸಾಲಿನಿಂದ ಹೊರಗೆ ಹೊರಟಳು. ಹೋಗುತ್ತ ಒಂದು ಸಲ ವೇದಿಕೆಯ ಕಡೆ ತಿರುಗಿದಳು. ನನ್ನನ್ನು ನೋಡಲಿಲ್ಲ, ಚೆನ್ನಂಜಣ್ಣನನ್ನು ನೋಡಿದಳು.

ನಾನು ಹೇಗೆ ಇಳಿದೆನೋ, ಬಿಟ್ಟ ಚಪ್ಪಲಿಯನ್ನು ಹಾಕಿಕೊಂಡಿರಲೂ ಇಲ್ಲ. "ನೀನು ಕೂತ್ಕೋ," ಎಂದು ಅತ್ತೆಯ ಕೈ ತೆಗೆದುಕೊಂಡೆ.

"ನಿಮ್ಮ ಚರಣ ರೀ!" ಎಂದಳು.

"ಪುಟ್ಟರಾಜು ಹಾಡ್ತಾನೆ. ಕೂತ್ಕೋ."

ಮೈದಾನದ ಕಾಂಪೌಂಡಿನ ಆಚೆ ಚುರುಮುರಿ ಗಾಡಿಯ ಹತ್ತಿರ ಅತ್ತೆಯನ್ನು ಕಟ್ಟೆಯ ಮೇಲೆ ಕೂರಿಸಿದೆ. ಸ್ಪೀಕರುಗಳು ಆ ಕಡೆ ಮುಖ ಮಾಡಿದ್ದವು. ಹಾಡು ಗೊತ್ತಾಗುತ್ತಿತ್ತು, ಮಾತು ಗೊತ್ತಾಗುತ್ತಿರಲಿಲ್ಲ. ಪುಟ್ಟರಾಜುವಿನ ದನಿ ಎದ್ದಿತು. ಕಾಲಿಗೆ ಕಲ್ಲು ಚುಚ್ಚುತ್ತಿತ್ತು. ಕತ್ತು ಉದ್ದ ಮಾಡಿ ಆ ಸಾಲಿಗೆ ಕಾಯುತ್ತಿದ್ದೆ.

ಅದೇ ಹೊತ್ತಿಗೆ ಅತ್ತೆ ನನ್ನ ಅಂಗಿ ಹಿಡಿದು ಜಗ್ಗಿದರು. "ಯಾಕ್ಲಾ ಮಾದ, ಏಳ್ದೆ ಓದೆ?"

ಡಾಕ್ಟರು ಕೊಟ್ಟ ಹತ್ತು ನಿಮಿಷದ ಮಾತು ಇನ್ನೂ ಉಳಿದಿತ್ತು. "ತಪ್ಪಾಯ್ತು ಕಣಕ್ಕ," ಎಂದೆ.

ಅವರು ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ದೀಪದ ಬೆಳಕಿಗೆ ತಿರುಗಿಸಿಕೊಂಡು ತುಂಬ ಹೊತ್ತು ನೋಡಿದರು. ಬೈಯುತ್ತಾರೆ ಎಂದುಕೊಂಡೆ.

"ಉಂಡ್ಯಾ?" ಎಂದರು.

"ಇಲ್ಲ ಕಣಕ್ಕ."

ಚುರುಮುರಿ ಕೊಡಿಸಿದೆ. ಒಂದೇ ಪೊಟ್ಟಣದಲ್ಲಿ ಇಬ್ಬರೂ ತಿಂದೆವು. ಅವರು ಕಡಲೆಬೀಜ ಆರಿಸಿ ಆರಿಸಿ ನನ್ನ ಅಂಗೈಗೆ ಹಾಕುತ್ತಿದ್ದರು. ಯಾವಾಗ ಎರಡನೇ ಚರಣ ಮುಗಿಯಿತೋ, ಯಾವಾಗ ಜನ ಚಪ್ಪಾಳೆ ಹೊಡೆದರೋ ಗೊತ್ತಾಗಲಿಲ್ಲ. ಚೆನ್ನಂಜಣ್ಣನ ಆ ಹಾಡನ್ನು ನಿನ್ನೆ ನಾನು ಸರಿಯಾಗಿ ಕೇಳಲೇ ಇಲ್ಲ ಎಂದು ಬರೆಯಬೇಕಾಗಿದೆ.

ವಾಪಸು ಬರುವಾಗ ಬಸ್ಸಿನಲ್ಲಿ ಅತ್ತೆ ಕಿಟಕಿಗೆ ಒರಗಿ ನಿದ್ದೆ ಹೋದರು. ರುದ್ರಾಣಿ ನರಸೀಪುರ ದಾಟುವ ಮೊದಲೇ ಶುರು ಮಾಡಿದಳು. ಪುಟ್ಟರಾಜು ಎರಡನೇ ಸಾಲಿಗೇ ಶ್ರುತಿ ಬಿಟ್ಟನಂತೆ. ಚೆನ್ನಂಜಣ್ಣ ಗಿಟಾರಿನ ತಂತಿಯ ಮೇಲೆ ಅಂಗೈ ಇಟ್ಟು ನಿಲ್ಲಿಸಿ, ಕಂಜಿರದವನಿಗೆ ಕಣ್ಣಲ್ಲೇ ಹೇಳಿ, ಬರೀ ತಾಳದ ಮೇಲೆ ಅವನನ್ನು ಹಾಡಿಸಿದರಂತೆ. "ಕೊನೇ ಸಾಲನ್ನ ಅವನು ಅಳ್ತಾ ಹಾಡ್ದ ರೀ. ಚೆನ್ನಂಜಣ್ಣ ಎದ್ದು ನಿಲ್ಲೋಕೆ ಆಗ್ದೆ, ಕೂತಲ್ಲೇ ಅವನ ಕೈ ಹಿಡ್ಕೊಂಡ್ರು."

ನಂತರ ಹೇಳಿದಳು, ತಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಕವಲಂದೆಯ ಶಾಲೆಯಲ್ಲಿ ಚೆನ್ನಂಜಣ್ಣ ಹಾಡಿದ್ದರಂತೆ. ಹಾಡುಗಳನ್ನೆಲ್ಲ ಒಂದು ನೋಟ್ಸಿನಲ್ಲಿ ಬರೆದಿಟ್ಟುಕೊಂಡಿದ್ದಳಂತೆ. ಎಲ್ಲವೂ ಬಾಯಿಗೆ ಬರುತ್ತವಂತೆ.

"ಇಪ್ಪತ್ತೆರಡು ವರ್ಷ ನನಗೆ ಹೇಳ್ಲೇ ಇಲ್ವಲ್ಲ," ಎಂದೆ.

"ಮನೇಲಿ ನೀವೇ ಹಾಡ್ತಿದ್ರಲ್ಲ," ಎಂದಳು. "ಅವರದನ್ನ ಕೇಳ್ಬೇಕು ಅಂದ್ರೆ ನೀವು ಸುಮ್ನಿರ್ಬೇಕಿತ್ತು."

ನಗುತ್ತಲೇ ಹೇಳಿದಳು. ನಾನೂ ನಕ್ಕೆ. ನನ್ನ ಹತ್ತು ನಿಮಿಷದಲ್ಲಿ ಇನ್ನೂ ಐದಾರು ನಿಮಿಷ ಉಳಿದಿತ್ತು, ಬಳಸಲಿಲ್ಲ. ಬಾಗಿಲಿನ ನಂತರ ನಾನು ಕೇಳದೆ ಹೋದ ಹಾಡುಗಳಲ್ಲಿ ಏನೇನಾಯಿತೆಂದು ಒಂದೊಂದಾಗಿ ಹೇಳುತ್ತ, ನಂಜನಗೂಡು ಬಂದಾಗ ಮೂರನೆಯದರಲ್ಲಿದ್ದಳು. ಇಳಿಯುವವರು ನಮ್ಮನ್ನು ದಾಟಿ ಇಳಿದರು, ಕಂಡಕ್ಟರ್ ಬಂದು, "ಕಂಟ್ರೋಲರ್ ಸಾ, ಸ್ಟ್ಯಾಂಡ್ ಬಂತು," ಎಂದ.

ಬೆಳಿಗ್ಗೆ ಎದ್ದವನು ಇಷ್ಟು ಬರೆದೆ. ಕೊನೆಯ ಹಾಡಿನ ಬಗ್ಗೆಯೂ ಬರೆಯೋಣ ಎಂದು ಕೂತಿದ್ದೆ. ಅಡುಗೆಮನೆಯಿಂದ ರುದ್ರಾಣಿ ಕೂಗುತ್ತಿದ್ದಾಳೆ. ನಿನ್ನೆ ಒಂದು ಹಾಡಿನ ವಿಷಯ ಹೇಳುವುದನ್ನೇ ಮರೆತಳಂತೆ, ಒಲೆ ಬಿಟ್ಟು ಬರಲು ಆಗುವುದಿಲ್ಲವಂತೆ, ನಾನೇ ಬರಬೇಕಂತೆ. ಹೋಗುತ್ತೇನೆ.